ಸೋರದ ಸಂದು: ಸ್ಟೀಫನ್ ಹೇಲ್ಸ್

ಚನ್ನಗಿರಿ ಸೀಮೆಯ ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಮೊದಲು ಕಾಣುವುದು ಕಣ್ಣು ತುಂಬುವ ಜಲರಾಶಿ. ಆದರೆ ಆ ನೀರು ಗದ್ದೆಗಳನ್ನು ಸೇರುವುದು ಸಿದ್ದನ ತೂಬು, ಬಸವನ ತೂಬು ಎಂಬ ಎರಡು ಕಿರಿದಾದ ದಾರಿಗಳಿಂದ. ಮಣ್ಣಿನ ಏರಿಗೂ ಕಲ್ಲಿನ ತೂಬಿಗೂ ನಡುವಣ ಸಂದು ಸಡಿಲವಾದರೆ ಬೆರಳುಗಾತ್ರದ ಸೋರಿಕೆಯೇ ಬೆಳೆದು ಏರಿಯನ್ನು ಕೊರೆಯಬಲ್ಲುದು. ಕೆರೆ ಕಟ್ಟುವವರೆಲ್ಲರೂ ಬಲ್ಲ ಈ ಸತ್ಯವು ಕಡ್ಡಿಯಂತಹ ನಳಿಕೆಗೂ ಸಲ್ಲುತ್ತದೆ. ಅದನ್ನು ಸ್ವಂತ ಕೈಗಳಿಂದ ಕಲಿತು ವಿಜ್ಞಾನಕ್ಕೆ ಹೊಸ ಹಾದಿ ತೆರೆದವನು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್.

ಹೇಲ್ಸ್ 1677ರಲ್ಲಿ ಕೆಂಟ್ ಪ್ರಾಂತದಲ್ಲಿ ಹುಟ್ಟಿದನು. ಕೇಂಬ್ರಿಜ್‌ನಲ್ಲಿ ಧರ್ಮಶಾಸ್ತ್ರದ ಜೊತೆಗೆ ವಿಜ್ಞಾನವನ್ನೂ ಅಭ್ಯಾಸ ಮಾಡಿದನು. 1709ರಲ್ಲಿ ಥೇಮ್ಸ್ ನದಿಯ ದಡದ ಟೆಡಿಂಗ್ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದು, ಬಾಳಿನ ಕೊನೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದನು. ಆತನಿಗೆ ದೊಡ್ಡ ಪ್ರಯೋಗಶಾಲೆಯೇನೂ ಇರಲಿಲ್ಲ. ಗಾಜಿನ ಕೊಳವೆ, ಹಿತ್ತಾಳೆಯ ನಳಿಕೆ, ಮೇಣ, ಹುರಿ ಇವೇ ಆತನ ಮುಖ್ಯ ಉಪಕರಣಗಳು.

ದೇಹದಲ್ಲಿ ರಕ್ತವು ಸಂಚರಿಸುತ್ತದೆಂಬುದು ಆ ಕಾಲಕ್ಕೆ ತಿಳಿದಿತ್ತು. ಅದು ಎಷ್ಟು ಒತ್ತಡದಿಂದ ಹರಿಯುತ್ತದೆಂಬುದನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಹೇಲ್ಸ್ ಒಂದು ಕುದುರೆಯ ಅಪಧಮನಿಯೊಳಗೆ ಅಂಗುಲದ ಆರನೆಯ ಒಂದು ಭಾಗದಷ್ಟು ರಂಧ್ರವಿದ್ದ ಹಿತ್ತಾಳೆಯ ನಳಿಕೆಯನ್ನು ತೂರಿಸಿ, ಅದಕ್ಕೆ 9 ಅಡಿ ಉದ್ದದ ಗಾಜಿನ ಕೊಳವೆಯನ್ನು ಜೋಡಿಸಿದನು. ರಕ್ತವು 8 ಅಡಿ 3 ಅಂಗುಲದ ಎತ್ತರಕ್ಕೆ ಏರಿತು. ಪ್ರಾಣಿಯು ಒದ್ದಾಡಿದಾಗ ಗಡುಸಾದ ಜೋಡಣೆ ಕಳಚುವ ಭಯವಿದ್ದುದರಿಂದ, ಮತ್ತೊಂದು ಪ್ರಯೋಗದಲ್ಲಿ ನಳಿಕೆಗೂ ಗಾಜಿಗೂ ನಡುವೆ ಹೆಬ್ಬಾತಿನ ಶ್ವಾಸನಾಳವನ್ನು ಕಟ್ಟಿದನು. ರಬ್ಬರಿನ ಕೊಳವೆಯಿಲ್ಲದ ಆ ಕಾಲದಲ್ಲಿ ಬಾಗಿಯೂ ಸೋರದ ಸಂದಿಗೆ ಆತನು ಕಂಡುಕೊಂಡ ಉಪಾಯವಿದು.

ಆದರೆ ಈ ಜ್ಞಾನಕ್ಕೆ ತೆತ್ತ ಬೆಲೆ ಮೂಕಪ್ರಾಣಿಗಳ ಜೀವ. ನೆರೆಯೂರಿನಲ್ಲಿದ್ದ ಕವಿ ಅಲೆಕ್ಸಾಂಡರ್ ಪೋಪ್ ಹೇಲ್ಸ್‌ನ ಗುಣವನ್ನು ಮೆಚ್ಚುತ್ತಿದ್ದರೂ ಆತನ ಈ ಕಾರ್ಯವನ್ನು ಒಪ್ಪಲಿಲ್ಲ. ಹೇಲ್ಸ್‌ನಿಗೂ ಈ ಕೆಲಸದಲ್ಲಿ ಬೇಸರ ಹುಟ್ಟಿ, ಅದನ್ನು ಬಹುಕಾಲ ಬದಿಗಿಟ್ಟನು. ಮುಂದೆ ಮತ್ತೆ ಅದಕ್ಕೆ ಮರಳಿದನೆಂಬುದೂ ನಿಜವೇ. ಅರಿವಿನ ಹಂಬಲವೂ ಕರುಣೆಯೂ ಒಂದೇ ಎದೆಯಲ್ಲಿ ಹೋರಾಡಿದಾಗ ಒಳ್ಳೆಯವನಿಗೂ ದಾರಿ ಸುಲಭವಾಗಿ ತೋರದು.

ಆ ಬಿಡುವಿನಲ್ಲಿ ಒಂದು ಆಕಸ್ಮಿಕ ನಡೆಯಿತು. ತಡವಾಗಿ ಕತ್ತರಿಸಿದ ದ್ರಾಕ್ಷಿಬಳ್ಳಿಯಿಂದ ರಸವು ಒಸರುತ್ತಿತ್ತು. ಬಳ್ಳಿ ಸತ್ತೀತೆಂದು ಅಂಜಿದ ಹೇಲ್ಸ್ ಗಾಯದ ಮೇಲೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ಕಟ್ಟಿದನು. ರಸದ ಒತ್ತಡಕ್ಕೆ ಪೊರೆಯು ಉಬ್ಬಿ ನಿಂತಿತು. ಗಿಡವೂ ದ್ರವವನ್ನು ಮೇಲಕ್ಕೆ ತಳ್ಳುತ್ತದೆಂಬುದು ಆತನಿಗೆ ಹೊಳೆಯಿತು. ಬಳ್ಳಿಯ ತುದಿಗೆ ಗಾಜಿನ ಕೊಳವೆಗಳನ್ನು ಒಂದರ ಮೇಲೊಂದು ಬೆಸೆದು ಕಾದನು. ರಸವು ಸುಮಾರು 21 ಅಡಿ ಏರಿತು. ಸಂದು ಪದೇಪದೇ ಸೋರದಿದ್ದರೆ ಇನ್ನೂ ಮೇಲೇರುತ್ತಿತ್ತೆಂದು ಆತನು ಊಹಿಸಿದನು. ತನ್ನ ಗೆಲುವಿನೊಡನೆ ಜೋಡಣೆಯ ಕುಂದನ್ನೂ ಮರೆಮಾಚದೆ ಬರೆದಿಟ್ಟುದು ಆತನ ದೊಡ್ಡತನ. ಸಸ್ಯಗಳ ಕುರಿತ ಆತನ ಗ್ರಂಥವು 1727ರಲ್ಲಿಯೂ ರಕ್ತದ ಒತ್ತಡದ ಕುರಿತ ಗ್ರಂಥವು 1733ರಲ್ಲಿಯೂ ಪ್ರಕಟವಾದವು.

ಇಷ್ಟೆಲ್ಲ ಕೀರ್ತಿ ಬಂದರೂ ಹೇಲ್ಸ್ ತನ್ನ ಹಳ್ಳಿಯನ್ನು ಮರೆಯಲಿಲ್ಲ. ಹಡಗು, ಆಸ್ಪತ್ರೆ, ಸೆರೆಮನೆಗಳ ಉಸಿರುಗಟ್ಟುವ ಕೋಣೆಗಳಿಗೆ ಶುದ್ಧಗಾಳಿ ಊದುವ ಯಂತ್ರಗಳನ್ನು ರಚಿಸಿದನು. 1754ರಲ್ಲಿ ಟೆಡಿಂಗ್ಟನ್ನಿಗೆ ಒಳ್ಳೆಯ ನೀರನ್ನು ತರಲು ನೆರವಾದನು. ಅಲ್ಲಿಯೂ ಆತನೊಳಗಿನ ವಿಜ್ಞಾನಿ ಸುಮ್ಮನಿರಲಿಲ್ಲ. ಎರಡು ಕ್ವಾರ್ಟಿನ ಪಾತ್ರೆಯು ಲೋಲಕದ ಮೂರು ತೂಗಾಟಗಳಲ್ಲಿ ತುಂಬುತ್ತದೆಂದು ಅಳೆದು ಚರ್ಚಿನ ದಾಖಲೆಯಲ್ಲಿ ನಮೂದಿಸಿದನು. 1761ರಲ್ಲಿ ತೀರಿಕೊಂಡ ಆತನ ದೇಹವನ್ನು ಅದೇ ಚರ್ಚಿನ ಗೋಪುರದಡಿ ಮಣ್ಣು ಮಾಡಲಾಯಿತು.

ಹೇಲ್ಸ್ ಹಿಡಿದ ದಾರಿಯಲ್ಲಿ ಮುಂದೆ ಹಲವರು ನಡೆದರು. ನಳಿಕೆಯ ವ್ಯಾಸವು ಅರ್ಧಕ್ಕಿಳಿದರೆ, ಒತ್ತಡವೂ ಉದ್ದವೂ ಅಷ್ಟೇ ಇದ್ದಾಗ, ಅದರಲ್ಲಿ ಹರಿಯುವ ದ್ರವವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ಫ್ರಾನ್ಸಿನ ಪ್ವಾಸೇಯ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿದನು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದ ಕಡೆಗಳಲ್ಲಿ, ಬೆರಳಗಲದ ಗಾಜು ಅಥವಾ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಕೂದಲಿನಷ್ಟು ಸಣ್ಣ ಕಾಲುವೆಗಳನ್ನು ಕೊರೆದು, ಹನಿ ರಕ್ತವನ್ನೇ ಪರೀಕ್ಷಿಸುವ ಸಂಶೋಧನೆ ನಡೆದಿದೆ. ಕಾಲುವೆ ಸಣ್ಣದಾದಷ್ಟೂ ದ್ರವವನ್ನು ನೂಕಲು ಹೆಚ್ಚು ಒತ್ತಡ ಬೇಕು. ಆ ಒತ್ತಡವು ಮೊದಲು ಪರೀಕ್ಷಿಸುವುದು ಹೊರಗಿನ ನಳಿಕೆಯು ಬಿಲ್ಲೆಯನ್ನು ಕೂಡುವ ಸಂದನ್ನೇ. ಅಲ್ಲಿ ಒಂದು ಹನಿ ಸೋರಿದರೂ, ಒಂದು ಗಾಳಿಗುಳ್ಳೆ ನುಸುಳಿದರೂ ಅಳತೆ ಸುಳ್ಳಾಗುತ್ತದೆ.

ಕೆರೆಯಾಗಲಿ, ಬಳ್ಳಿಯಾಗಲಿ, ಬಿಲ್ಲೆಯಾಗಲಿ, ಹರಿಯುವುದನ್ನು ಆಳಬೇಕಾದವನು ಮೊದಲು ಸಂದನ್ನು ಕಾಯಬೇಕು. ಮೇಣ ಮತ್ತು ಹುರಿಯಿಂದ ಆ ಕಾವಲನ್ನು ಆರಂಭಿಸಿದ ಹಳ್ಳಿಯ ಪಾದ್ರಿಯು ನಮಗೆ ಕಲಿಸುವುದು ಕೂಡ ಅದನ್ನೇ: ಸಣ್ಣ ಕೆಲಸವನ್ನು ಶ್ರದ್ಧೆಯಿಂದ ಮಾಡದವನಿಗೆ ದೊಡ್ಡ ಸತ್ಯವು ದಕ್ಕದು.