ವಿಲಿಯಂ ಅರ್ನೆಸ್ಟ್ ಮೈಲ್ಸ್

ವಿಲಿಯಂ ಅರ್ನೆಸ್ಟ್ ಮೈಲ್ಸ್ (1869–1947) ಲಂಡನ್ನಿನಲ್ಲಿ ವೃತ್ತಿ ನಡೆಸಿದ ಶಸ್ತ್ರವೈದ್ಯರು. ಗುದನಾಳದ ಕ್ಯಾನ್ಸರ್‌ಗೆ ಹೊಟ್ಟೆಯ ಕಡೆಯಿಂದಲೂ ಗುದದ್ವಾರದ ಕಡೆಯಿಂದಲೂ ಒಂದೇ ಬಾರಿಗೆ ನಡೆಸುವ ವಿಸ್ತೃತ ಶಸ್ತ್ರಚಿಕಿತ್ಸೆಯನ್ನು ರೂಪಿಸಿ, 1908ರಲ್ಲಿ ಅದನ್ನು ಪ್ರಕಟಿಸಿದ್ದರಿಂದ ಇವರು ಪ್ರಸಿದ್ಧರಾದರು. ಈ ಚಿಕಿತ್ಸೆಗೆ ಮೈಲ್ಸ್ ಶಸ್ತ್ರಚಿಕಿತ್ಸೆ ಎಂಬ ಹೆಸರೂ ಇದೆ. ಇಂದಿನ ಆಸ್ಪತ್ರೆಗಳಲ್ಲಿ ಎ.ಪಿ.ಆರ್. ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ತಾವು ಮಾಡಿದ ಶಸ್ತ್ರಚಿಕಿತ್ಸೆಗಳು ಏಕೆ ವಿಫಲವಾದವು ಎಂಬುದನ್ನು ಮರಣೋತ್ತರ ಪರೀಕ್ಷೆಗಳ ಮೂಲಕ ಹುಡುಕಿ, ಅದರ ಆಧಾರದ ಮೇಲೆಯೇ ಹೊಸ ವಿಧಾನವನ್ನು ಕಟ್ಟಿದ್ದು ಇವರ ಕೆಲಸದ ವೈಶಿಷ್ಟ್ಯ.

ಆರಂಭಿಕ ಜೀವನ

ಮೈಲ್ಸ್ 1869ರಲ್ಲಿ ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದಲ್ಲಿ ಜನಿಸಿದರು. ಆಗ ಅದು ಬ್ರಿಟಿಷರ ವಸಾಹತಾಗಿತ್ತು. ವೈದ್ಯಕೀಯ ಶಿಕ್ಷಣಕ್ಕಾಗಿ ಲಂಡನ್ನಿಗೆ ಬಂದು ಸೇಂಟ್ ಬಾರ್ತೊಲೊಮ್ಯೂಸ್ ಆಸ್ಪತ್ರೆಯಲ್ಲಿ ವ್ಯಾಸಂಗ ಮಾಡಿದರು. ಮುಂದೆ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಫೆಲೊ ಆದರು. ಗುದರೋಗಗಳಿಗೆಂದೇ ಮೀಸಲಾಗಿದ್ದ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವಾಗ ಡೇವಿಡ್ ಗುಡ್‌ಸಾಲ್ ಎಂಬ ಹಿರಿಯ ಶಸ್ತ್ರವೈದ್ಯರ ಒಡನಾಟ ದೊರೆಯಿತು. ಗುದದ ಭಗಂದರವು ಒಳಗೆ ಯಾವ ದಿಕ್ಕಿನಲ್ಲಿ ಸಾಗುತ್ತದೆ ಎಂಬುದನ್ನು ಹೊರಗಿನ ರಂಧ್ರದ ಸ್ಥಾನದಿಂದಲೇ ಊಹಿಸುವ ಗುಡ್‌ಸಾಲ್ ನಿಯಮವನ್ನು ಶಸ್ತ್ರವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಇಬ್ಬರೂ ಸೇರಿ ಗುದ ಮತ್ತು ಗುದನಾಳದ ರೋಗಗಳನ್ನು ಕುರಿತ ಗ್ರಂಥವೊಂದನ್ನು ರಚಿಸಿದರು. ಅದು 1900 ಮತ್ತು 1905ರಲ್ಲಿ ಎರಡು ಭಾಗಗಳಾಗಿ ಹೊರಬಂದಿತು.

ಮೈಲ್ಸ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆ (ಈಗಿನ ರಾಯಲ್ ಮಾರ್ಸ್‌ಡೆನ್) ಮತ್ತು ಗುದರೋಗಗಳ ಚಿಕಿತ್ಸೆಗೆ ಹೆಸರಾಗಿದ್ದ ಗಾರ್ಡನ್ ಆಸ್ಪತ್ರೆಗಳಲ್ಲಿ ಕಳೆದರು.

ಅಂದಿನ ಚಿಕಿತ್ಸೆಯ ಸ್ಥಿತಿ

ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ, ಸುಮಾರು 15 ಸೆಂಟಿಮೀಟರ್ ಉದ್ದದ ಭಾಗ. ಅದು ಸೊಂಟದ ಮೂಳೆಗಳ ಗೂಡಿನೊಳಗೆ, ಮೂತ್ರಕೋಶ ಮತ್ತು ಜನನಾಂಗಗಳಿಗೆ ಅಂಟಿಕೊಂಡಂತೆ ಇರುವುದರಿಂದ ಕೈಯಾಡಿಸಲು ಸ್ಥಳವೇ ಕಡಿಮೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಆದಷ್ಟು ಹೊಟ್ಟೆಯನ್ನು ತೆರೆಯದೆ, ಕೆಳಗಿನಿಂದಲೇ ಗೆಡ್ಡೆಯನ್ನು ತಲುಪಲು ಯತ್ನಿಸಿದ್ದು ಸಹಜವಾಗಿತ್ತು. ಫ್ರಾನ್ಸಿನ ಜಾಕ್ ಲಿಸ್‌ಫ್ರಾಂಕ್ 1826ರಲ್ಲಿ, ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ಗುದದ್ವಾರದ ಸುತ್ತ ಕೊಯ್ದು ಗೆಡ್ಡೆಯನ್ನು ತೆಗೆದಿದ್ದರು. ಜರ್ಮನಿಯ ಪಾಲ್ ಕ್ರಾಸ್ಕೆ 1885ರಲ್ಲಿ ಬೆನ್ನಿನ ಕೆಳಭಾಗದ ತ್ರಿಕಾಸ್ಥಿಯ ಒಂದು ತುಂಡನ್ನು ತೆಗೆದು ಹಿಂದಿನಿಂದ ಗುದನಾಳವನ್ನು ತಲುಪುವ ದಾರಿಯನ್ನು ತೋರಿಸಿದರು. ವಿನ್‌ಸೆಂಟ್ ಚೆರ್ನಿ 1880ರ ದಶಕದಲ್ಲೇ ಹೊಟ್ಟೆ ಮತ್ತು ಗುದ ಎರಡೂ ಕಡೆಗಳಿಂದ ಶಸ್ತ್ರಚಿಕಿತ್ಸೆ ನಡೆಸಿದ್ದರು. ಆದ್ದರಿಂದ ಎರಡು ದಾರಿಗಳನ್ನು ಕೂಡಿಸಿದ ಮೊದಲಿಗರು ಮೈಲ್ಸ್ ಎಂದು ಕೆಲವೆಡೆ ಬರೆದಿರುವುದು ಸರಿಯಲ್ಲ. ಹೀಗೆ ಕೂಡಿಸುವುದು ಏಕೆ ಅಗತ್ಯ, ಯಾವ ಯಾವ ಭಾಗವನ್ನು ತೆಗೆಯಲೇಬೇಕು ಎಂಬುದಕ್ಕೆ ಅವರು ಕಾರಣ ಒದಗಿಸಿದರು.

ಹೊಟ್ಟೆ ತೆರೆಯುವ ಭಯಕ್ಕೆ ಆಧಾರವಿತ್ತು. ಪ್ರತಿಜೀವಕ ಔಷಧಗಳು ಇರಲಿಲ್ಲ. ರಕ್ತಪೂರಣ ರೂಢಿಗೆ ಬಂದಿರಲಿಲ್ಲ. ಕರುಳಿನೊಳಗಿನ ಮಲ ಒಂದಿಷ್ಟು ಹೊಟ್ಟೆಯ ಕುಹರಕ್ಕೆ ಸೋರಿದರೆ ಪೊರೆಯುರಿಯೂತದಿಂದ ಕೆಲವೇ ದಿನಗಳಲ್ಲಿ ಸಾವು ಸಂಭವಿಸುತ್ತಿತ್ತು. ಕೆಳಗಿನಿಂದ ನಡೆಸುವ ಚಿಕಿತ್ಸೆಯಲ್ಲಿ ಮೇಜಿನ ಮೇಲಿನ ಸಾವು ಕಡಿಮೆ. ರೋಗಿ ಮನೆಗೆ ಹೋಗುತ್ತಿದ್ದರು. ಆಮೇಲೆ ಏನಾಗುತ್ತಿತ್ತು ಎಂಬುದನ್ನು ಲೆಕ್ಕವಿಟ್ಟವರು ವಿರಳ.

57 ರೋಗಿಗಳ ಲೆಕ್ಕ

ಮೈಲ್ಸ್ ಆ ಲೆಕ್ಕವನ್ನಿಟ್ಟರು. 1899ರಿಂದ 1906ರ ಅವಧಿಯಲ್ಲಿ ಅವರು 57 ರೋಗಿಗಳಿಗೆ ಕೆಳಗಿನ ದಾರಿಯಿಂದ ಶಸ್ತ್ರಚಿಕಿತ್ಸೆ ಮಾಡಿದ್ದರು. ಇವರಲ್ಲಿ 54 ಮಂದಿಗೆ, ಅಂದರೆ ಶೇಕಡ 95ರಷ್ಟು ಜನರಿಗೆ, ಆರು ತಿಂಗಳಿಂದ ಮೂರು ವರ್ಷಗಳೊಳಗೆ ಕ್ಯಾನ್ಸರ್ ಮರುಕಳಿಸಿತು. ಗೆಡ್ಡೆಯನ್ನು ಪೂರ್ತಿಯಾಗಿ ತೆಗೆದೆನೆಂದು ಶಸ್ತ್ರವೈದ್ಯ ಭಾವಿಸಿದ್ದ ಸಂದರ್ಭಗಳಲ್ಲೂ ಹೀಗೇ ಆಯಿತು.

ಮೃತಪಟ್ಟವರ ಮರಣೋತ್ತರ ಪರೀಕ್ಷೆಗಳಲ್ಲಿ ಮೈಲ್ಸ್ ಒಂದು ವಿನ್ಯಾಸವನ್ನು ಕಂಡರು. ರೋಗ ಮತ್ತೆ ಕಾಣಿಸಿಕೊಳ್ಳುತ್ತಿದ್ದುದು ಮುಖ್ಯವಾಗಿ ಮೂರು ಜಾಗಗಳಲ್ಲಿ: ಶ್ರೋಣಿಯನ್ನು ಒಳಗಿನಿಂದ ಹೊದಿಸುವ ಪೊರೆ, ಅಲ್ಲಿನ ಕರುಳನ್ನು ಹಿಡಿದಿಡುವ ನಡುಪೊರೆ, ಮತ್ತು ಎಡಗಡೆಯ ದೊಡ್ಡ ಇಲಿಯಾಕ್ ಅಪಧಮನಿ ಕವಲೊಡೆಯುವಲ್ಲಿರುವ ದುಗ್ಧಗ್ರಂಥಿಗಳು. ಈ ಮೂರೂ ಜಾಗಗಳು ಕೆಳಗಿನಿಂದ ಕೊಯ್ಯುವ ವೈದ್ಯನ ಕೈಗೆ ಎಟುಕುವುದಿಲ್ಲ. ಮರುಕಳಿಕೆಗೆ ಕಾರಣ ಕೈಚಳಕದ ಕೊರತೆಯಲ್ಲ, ಆಯ್ದುಕೊಂಡ ದಾರಿಯೇ ತಪ್ಪು ಎಂಬ ನಿರ್ಣಯಕ್ಕೆ ಅವರು ಬಂದರು.

ಇದರಿಂದ ಹುಟ್ಟಿದ್ದು ಹರಡುವಿಕೆಯ ಮೂರು ವಲಯಗಳ ಕಲ್ಪನೆ. ಗುದನಾಳದ ಕ್ಯಾನ್ಸರ್ ದುಗ್ಧನಾಳಗಳ ಮೂಲಕ ಕೆಳಕ್ಕೆ ಗುದದ್ವಾರದ ಚರ್ಮ ಮತ್ತು ಸುತ್ತಲಿನ ಕೊಬ್ಬಿಗೂ, ಪಕ್ಕಕ್ಕೆ ಶ್ರೋಣಿಯ ತಳದ ಸ್ನಾಯುಗಳು ಮತ್ತು ನೆರೆಯ ಅಂಗಗಳಿಗೂ, ಮೇಲಕ್ಕೆ ನಡುಪೊರೆಯ ಗ್ರಂಥಿಗಳಿಗೂ ಸಾಗುತ್ತದೆ ಎಂದು ಮೈಲ್ಸ್ ಪ್ರತಿಪಾದಿಸಿದರು. ಇವುಗಳಲ್ಲಿ ಮೇಲ್ಮುಖ ವಲಯವನ್ನು ಅವರು ಅತಿ ಮುಖ್ಯವೆಂದು ಎಣಿಸಿದರು. ಸ್ತನದ ಕ್ಯಾನ್ಸರ್‌ನಲ್ಲಿ ಗೆಡ್ಡೆಯೊಂದಿಗೆ ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯುವ ಪದ್ಧತಿಯನ್ನು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಆಗಲೇ ಬಳಕೆಗೆ ತಂದಿದ್ದರು. ಮೈಲ್ಸ್ ಅವರ ಆಲೋಚನೆಯೂ ಅದೇ ಜಾಡಿನದು.

1908ರ ಶಸ್ತ್ರಚಿಕಿತ್ಸೆ

1908ರ ಡಿಸೆಂಬರ್‌ನಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಎರಡೇ ಪುಟಗಳದ್ದು. ಅದರಲ್ಲಿ ಮೈಲ್ಸ್ ತಮ್ಮ ವಿಧಾನಕ್ಕೆ ಐದು ಷರತ್ತುಗಳನ್ನು ಹಾಕಿಕೊಂಡರು. ಹೊಟ್ಟೆಯ ಮೇಲೆ ಶಾಶ್ವತವಾದ ಕೃತಕ ಮಲದ್ವಾರ ಅನಿವಾರ್ಯ. ಆ ದ್ವಾರಕ್ಕೆ ಬೇಕಾದಷ್ಟನ್ನು ಬಿಟ್ಟು ಶ್ರೋಣಿಯಲ್ಲಿರುವ ದೊಡ್ಡ ಕರುಳನ್ನೆಲ್ಲ ತೆಗೆಯಬೇಕು. ಇಲಿಯಾಕ್ ಅಪಧಮನಿಯನ್ನು ದಾಟುವ ಸ್ಥಳದಿಂದ ಕೆಳಗಿನ ನಡುಪೊರೆಯನ್ನು, ಎರಡೂ ಬದಿಗಳಲ್ಲಿ ಕನಿಷ್ಠ ಒಂದಂಗುಲ ಅಗಲದ ಹೊದಿಕೆ ಪೊರೆಯೊಂದಿಗೆ ತೆಗೆಯಬೇಕು. ಆ ಅಪಧಮನಿಯ ಕವಲಿನ ಮೇಲಿರುವ ದುಗ್ಧಗ್ರಂಥಿಗಳನ್ನು ಯಾವ ರೋಗಿಯಲ್ಲೂ ಬಿಡಬಾರದು. ಕೊನೆಯದಾಗಿ, ಕೆಳಗಿನ ಕೊಯ್ತವನ್ನು ಆದಷ್ಟು ಅಗಲವಾಗಿ ಮಾಡಬೇಕು.

ಮೊದಲು ರೋಗಿಯ ಹೊಟ್ಟೆಯನ್ನು ತೆರೆದು ಕರುಳನ್ನು ಬಿಡಿಸಿ, ಕತ್ತರಿಸಿ, ಮೇಲಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಕ್ಕೆ ತಂದು ಹೊಲಿಯಲಾಗುತ್ತಿತ್ತು. ಕೆಳಗಿನ ತುದಿಯನ್ನು ಶ್ರೋಣಿಯೊಳಕ್ಕೆ ತಳ್ಳಿ, ಅದರ ಮೇಲೆ ಪೊರೆಯನ್ನು ಹೊಲಿದು, ಹೊಟ್ಟೆಯನ್ನು ಮುಚ್ಚಿ, ರೋಗಿಯನ್ನು ಮಗ್ಗುಲಿಗೆ ತಿರುಗಿಸಿ ಗುದದ ಕಡೆಯಿಂದ ಎಲ್ಲವನ್ನೂ ಒಟ್ಟಾಗಿ ಹೊರತೆಗೆಯುತ್ತಿದ್ದರು. ಕರುಳಿನ ಎರಡು ತುದಿಗಳನ್ನು ಮತ್ತೆ ಜೋಡಿಸುವ ಪ್ರಶ್ನೆಯೇ ಇಲ್ಲದ್ದರಿಂದ ಜೋಡಣೆ ಬಿಚ್ಚಿ ಮಲ ಸೋರುವ ಅಪಾಯವೂ ಇರಲಿಲ್ಲ. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಅಂದಿಗೂ ಇಂದಿಗೂ ಅತ್ಯಂತ ಭಯ ಹುಟ್ಟಿಸುವ ತೊಡಕು ಅದೇ.

ಆದರೆ ಶಸ್ತ್ರಚಿಕಿತ್ಸೆಯ ಆಘಾತವನ್ನು ತಾಳುವುದು ಕಷ್ಟವಾಗಿತ್ತು. ಆ ಲೇಖನದಲ್ಲಿ ವರದಿಯಾದ 12 ರೋಗಿಗಳಲ್ಲಿ 5 ಮಂದಿ ಚಿಕಿತ್ಸೆಯ ಫಲವಾಗಿಯೇ ತೀರಿಕೊಂಡರು. ಹತ್ತರಲ್ಲಿ ನಾಲ್ವರನ್ನು ಬಲಿ ತೆಗೆದುಕೊಳ್ಳುವ ಚಿಕಿತ್ಸೆಯನ್ನು ರೋಗಿಗೆ ಸೂಚಿಸಬಹುದೇ ಎಂಬ ಪ್ರಶ್ನೆ ಸಮಕಾಲೀನರಲ್ಲಿ ಎದ್ದದ್ದು ನ್ಯಾಯವೇ. ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಜಾನ್ ಪರ್ಸಿ ಲಾಕ್‌ಹಾರ್ಟ್-ಮಮ್ಮರಿ ಕೆಳಗಿನ ದಾರಿಯ ಚಿಕಿತ್ಸೆಯನ್ನೇ ಸುಧಾರಿಸಿ, ಕಡಿಮೆ ಸಾವುಗಳೊಂದಿಗೆ ನಡೆಸುತ್ತಿದ್ದರು. ಎರಡು ಪಕ್ಷಗಳ ವಾದ ದಶಕಗಳ ಕಾಲ ನಡೆಯಿತು. ಒಂದು ಕಡೆ ಶಸ್ತ್ರಚಿಕಿತ್ಸೆಯಿಂದ ಬದುಕುಳಿಯುವ ಸಾಧ್ಯತೆ, ಇನ್ನೊಂದು ಕಡೆ ಬದುಕುಳಿದ ಮೇಲೆ ರೋಗದಿಂದ ಮುಕ್ತವಾಗಿರುವ ಸಾಧ್ಯತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅಂದು ಸುಲಭ ಮಾರ್ಗವಿರಲಿಲ್ಲ.

ನಂತರದ ವರ್ಷಗಳು

ಮೈಲ್ಸ್ ತಮ್ಮ ವಿಧಾನವನ್ನು ಕೈಬಿಡಲಿಲ್ಲ. ಅನುಭವ ಹೆಚ್ಚಿದಂತೆ, ರೋಗಿಗಳ ಆಯ್ಕೆ, ಅರಿವಳಿಕೆ ಮತ್ತು ಶುಶ್ರೂಷೆ ಸುಧಾರಿಸಿದಂತೆ ಸಾವಿನ ಪ್ರಮಾಣ ಇಳಿಯಿತು. 1923ರಲ್ಲಿ ಅವರು ಲಂಡನ್ನಿನಲ್ಲಿ ನೀಡಿದ ಲೆಟ್‌ಸೋಮಿಯನ್ ಉಪನ್ಯಾಸಗಳ ಹೊತ್ತಿಗೆ ಮರುಕಳಿಕೆಯ ಪ್ರಮಾಣ ಶೇಕಡ 29.5ಕ್ಕೆ ಇಳಿದಿತ್ತು. ಈ ಉಪನ್ಯಾಸಗಳು 1926ರಲ್ಲಿ ಗುದನಾಳದ ಕ್ಯಾನ್ಸರ್ ಕುರಿತ ಪುಸ್ತಕವಾಗಿ ಪ್ರಕಟವಾದವು. ಮೈಲ್ಸ್ 1947ರಲ್ಲಿ ನಿಧನರಾದರು. ಅಷ್ಟರಲ್ಲಿ ಅವರ ಚಿಕಿತ್ಸೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಗುದನಾಳದ ಕ್ಯಾನ್ಸರ್‌ನ ಮುಖ್ಯ ಶಸ್ತ್ರಚಿಕಿತ್ಸೆಯಾಗಿ ನೆಲೆಗೊಂಡಿತ್ತು. 1939ರಲ್ಲಿ ಆಸ್ವಾಲ್ಡ್ ಲಾಯ್ಡ್-ಡೇವಿಸ್ ರೋಗಿಯ ಕಾಲುಗಳನ್ನು ಆಧಾರಗಳ ಮೇಲೆ ಎತ್ತಿ ಇರಿಸುವ ವ್ಯವಸ್ಥೆಯನ್ನು ವಿವರಿಸಿದ ಮೇಲೆ, ರೋಗಿಯನ್ನು ತಿರುಗಿಸದೆ ಇಬ್ಬರು ಶಸ್ತ್ರವೈದ್ಯರು ಮೇಲೆ ಮತ್ತು ಕೆಳಗೆ ಏಕಕಾಲದಲ್ಲಿ ಕೆಲಸ ಮಾಡುವುದು ಸಾಧ್ಯವಾಯಿತು.

ಫ್ರಾನ್ಸಿನಲ್ಲಿ ಹೆನ್ರಿ ಹಾರ್ಟ್‌ಮನ್ ಬೇರೊಂದು ದಾರಿ ಹಿಡಿದರು. 1921ರಲ್ಲಿ ಅವರು ವಿವರಿಸಿದ ವಿಧಾನದಲ್ಲಿ ಗೆಡ್ಡೆಯಿರುವ ಕರುಳಿನ ಭಾಗವನ್ನು ತೆಗೆದು, ಮೇಲಿನ ತುದಿಯನ್ನು ಕೃತಕ ಮಲದ್ವಾರವಾಗಿಸಿ, ಕೆಳಗಿನ ಗುದನಾಳವನ್ನು ಹೊಲಿದು ಒಳಗೇ ಬಿಡಲಾಗುತ್ತಿತ್ತು. ಗೆಡ್ಡೆ ಮೇಲ್ಭಾಗದಲ್ಲಿದ್ದಾಗ ಇದು ಮೈಲ್ಸ್ ವಿಧಾನಕ್ಕಿಂತ ಹಗುರ. ಕರುಳು ತೂತಾಗಿ ತುರ್ತಾಗಿ ಬರುವ ರೋಗಿಗಳಲ್ಲಿ ಹಾರ್ಟ್‌ಮನ್ ವಿಧಾನ ಇಂದಿಗೂ ಪ್ರಾಣ ಉಳಿಸುತ್ತಿದೆ.

ವಿಮರ್ಶೆ

ಮೈಲ್ಸ್ ಅವರ ಮೂರು ವಲಯಗಳಲ್ಲಿ ಮೇಲ್ಮುಖ ವಲಯ ಕಾಲದ ಪರೀಕ್ಷೆಯಲ್ಲಿ ಗೆದ್ದಿತು. ಕೆಳಮುಖ ವಲಯದ ವಿಷಯದಲ್ಲಿ ಅವರು ಎಡವಿದ್ದರು. ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್ ಮತ್ತಿತರರು 1930ರ ದಶಕದಲ್ಲಿ ತೆಗೆದ ಕರುಳುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ರೋಗವು ಗೆಡ್ಡೆಯಿಂದ ಕೆಳಕ್ಕೆ ಹರಡುವುದು ಅಪರೂಪವೆಂದು ತೋರಿಸಿದರು. ಮೈಲ್ಸ್ ನೋಡಿದ್ದು ಬಹುತೇಕ ಮರುಕಳಿಸಿ ಮೃತಪಟ್ಟವರ ದೇಹಗಳನ್ನು. ಆ ಹಂತದಲ್ಲಿ ಸಹಜ ದುಗ್ಧಮಾರ್ಗಗಳು ಮುಚ್ಚಿಹೋಗಿ ರೋಗ ಎಲ್ಲ ದಿಕ್ಕಿಗೂ ನುಗ್ಗಿರುವ ಸಂಭವ ಹೆಚ್ಚು. ಗೆಡ್ಡೆ ಗುದದ್ವಾರದಿಂದ ಸಾಕಷ್ಟು ಮೇಲಿದ್ದರೂ ಸಂಕೋಚಕ ಸ್ನಾಯುವನ್ನು ಕಳೆದುಕೊಂಡು, ಜೀವನವಿಡೀ ಹೊಟ್ಟೆಯ ಮೇಲಿನ ಮಲದ್ವಾರದೊಂದಿಗೆ ಬದುಕಿದ ರೋಗಿಗಳ ಸಂಖ್ಯೆ ಸಣ್ಣದಾಗಿರಲಾರದು.

ಅಮೆರಿಕದ ಮೇಯೊ ಕ್ಲಿನಿಕ್‌ನ ಕ್ಲಾಡ್ ಡಿಕ್ಸನ್ 1948ರಲ್ಲಿ, ಮೇಲ್ಭಾಗದ ಗೆಡ್ಡೆಗಳನ್ನು ತೆಗೆದು ಕರುಳನ್ನು ಮತ್ತೆ ಜೋಡಿಸಿದ 400ಕ್ಕೂ ಹೆಚ್ಚು ರೋಗಿಗಳ ವರದಿ ಪ್ರಕಟಿಸಿದರು. ಸಾವಿನ ಪ್ರಮಾಣ ಶೇಕಡ 2.6. ಜೋಡಣೆಗೆ ಸ್ಟೇಪ್ಲರ್ ಯಂತ್ರಗಳು ಬಂದ ಮೇಲೆ ಇನ್ನೂ ಕೆಳಗಿನ ಗೆಡ್ಡೆಗಳಿಗೂ ಇದು ವಿಸ್ತರಿಸಿತು. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್, ಗುದನಾಳವನ್ನು ಸುತ್ತುವರಿದ ಕೊಬ್ಬಿನ ಕವಚವನ್ನು ಹರಿಯದಂತೆ ಇಡಿಯಾಗಿ ತೆಗೆಯುವುದರ ಮಹತ್ವವನ್ನು ಪ್ರತಿಪಾದಿಸಿದರು. ಇದರಿಂದ ಮರುಕಳಿಕೆ ಮತ್ತಷ್ಟು ಇಳಿಯಿತು; ಮೂತ್ರ ಮತ್ತು ಲೈಂಗಿಕ ಕ್ರಿಯೆಗಳಿಗೆ ಬೇಕಾದ ನರಗಳನ್ನು ಉಳಿಸುವುದೂ ಸುಲಭವಾಯಿತು.

ಮೈಲ್ಸ್ ಶಸ್ತ್ರಚಿಕಿತ್ಸೆಯ ಬಳಕೆ ಕಡಿಮೆಯಾಗುತ್ತಿದ್ದ ಕಾಲದಲ್ಲಿ ಒಂದು ತಿರುವು ಬಂದಿತು. ಎ.ಪಿ.ಆರ್. ಆದವರ ಫಲಿತಾಂಶ ಕರುಳು ಜೋಡಿಸಿದವರಿಗಿಂತ ಕೆಟ್ಟದಾಗಿದೆ ಎಂದು ಅಧ್ಯಯನಗಳು ತೋರಿದವು. ಶಸ್ತ್ರವೈದ್ಯರು ಗುದನಾಳಕ್ಕೆ ತೀರ ಹತ್ತಿರದಲ್ಲಿ ಕೊಯ್ದು, ಗೆಡ್ಡೆಯ ಮಟ್ಟದಲ್ಲಿ ಸೊಂಟದಂತೆ ಕಿರಿದಾದ ಭಾಗವನ್ನು ಹೊರತೆಗೆಯುತ್ತಿದ್ದುದು ಅದರ ಒಂದು ಕಾರಣ. ಸ್ವೀಡನ್ನಿನ ಟಾರ್ಬ್ಯೋರ್ನ್ ಹೋಲ್ಮ್ 2007ರಲ್ಲಿ ಶ್ರೋಣಿಯ ತಳದ ಸ್ನಾಯುಗಳನ್ನೂ ಸೇರಿಸಿ ಅಗಲವಾಗಿ ತೆಗೆಯುವ ವಿಧಾನವನ್ನು ವಿವರಿಸಿದರು. ಮೈಲ್ಸ್ ಅವರ ಐದನೆಯ ಷರತ್ತು ನೂರು ವರ್ಷಗಳ ನಂತರ ಮರಳಿ ಬಂದಂತಾಯಿತು. ಅಗಲವಾದ ಗಾಯ ಬೇಗ ಮಾಯುವುದಿಲ್ಲ ಎಂಬ ಹಳೆಯ ತೊಡಕೂ ಅದರೊಂದಿಗೆ ಬಂದಿತು. ಆದ್ದರಿಂದ ಪಿರ್ರೆಯ ಸ್ನಾಯುವನ್ನು ತಿರುಗಿಸಿ ಗಾಯವನ್ನು ತುಂಬುವ ಕ್ರಮವನ್ನು ಅನುಸರಿಸಲಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಹಾಗೂ ನಗರದ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲ ದೊಡ್ಡ ಆಸ್ಪತ್ರೆಗಳಲ್ಲಿ ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಲಭ್ಯವಿದೆ. ಗೆಡ್ಡೆಯು ಸಂಕೋಚಕ ಸ್ನಾಯುವನ್ನೇ ಆಕ್ರಮಿಸಿದ್ದಾಗ ಮೈಲ್ಸ್ ಅವರ ಶಸ್ತ್ರಚಿಕಿತ್ಸೆಯ ಪರಿಷ್ಕೃತ ರೂಪಗಳನ್ನು ಆಶ್ರಯಿಸಬೇಕಾಗುತ್ತದೆ. ಹೊಟ್ಟೆಯ ಭಾಗದ ಕೆಲಸವನ್ನು ಲ್ಯಾಪರೊಸ್ಕೋಪ್ ಅಥವಾ ರೊಬಾಟ್ ನೆರವಿನಿಂದ ಮಾಡುವುದುಂಟು. ಮೊದಲು ವಿಕಿರಣ ಮತ್ತು ಕಿಮೊಥೆರಪಿ ನೀಡಿ ಗೆಡ್ಡೆಯನ್ನು ಕುಗ್ಗಿಸುವುದರಿಂದ ಕೆಲವರಲ್ಲಿ ಗುದದ್ವಾರವನ್ನು ಉಳಿಸಲು ಸಾಧ್ಯವಾಗುತ್ತದೆ. ಮಲದಲ್ಲಿ ರಕ್ತ ಕಂಡಾಗ ಅದನ್ನು ಮೂಲವ್ಯಾಧಿಯೆಂದೇ ತಿಳಿದು ತಿಂಗಳುಗಟ್ಟಲೆ ಮನೆಮದ್ದು ಮಾಡಿಕೊಂಡು, ಗೆಡ್ಡೆ ಬೆಳೆದ ಮೇಲೆ ಆಸ್ಪತ್ರೆಗೆ ಬರುವವರು ಇಂದಿಗೂ ಇದ್ದಾರೆ. ಗುದನಾಳದ ಕೆಳಭಾಗದ ಅನೇಕ ಗೆಡ್ಡೆಗಳನ್ನು ವೈದ್ಯರು ಮೈಲ್ಸ್ ಕಾಲದಲ್ಲಿದ್ದಂತೆಯೇ ಕೈಗವಸು ತೊಟ್ಟ ಬೆರಳಿನಿಂದ, ಒಂದು ನಿಮಿಷದೊಳಗೆ ಪತ್ತೆಹಚ್ಚಬಲ್ಲರು.