ಸೋಲಿನಲ್ಲಿ ಪಳಗಿದ ಸೇನಾಪತಿ ಜಾರ್ಜ್ ವಾಷಿಂಗ್ಟನ್

ಅಮೆರಿಕದ ಸ್ವಾತಂತ್ರ್ಯಯುದ್ಧದ ಸೇನಾಪತಿಯಾದ ಜಾರ್ಜ್ ವಾಷಿಂಗ್ಟನ್ನನು 1732ನೆಯ ಇಸವಿ ಫೆಬ್ರವರಿ 22ರಂದು ವರ್ಜೀನಿಯಾ ಪ್ರಾಂತದಲ್ಲಿ ಜನಿಸಿದನು. ಹನ್ನೊಂದನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನಿಗೆ ಉನ್ನತ ವಿದ್ಯಾಭ್ಯಾಸವು ದೊರೆಯಲಿಲ್ಲ. ಭೂಮಾಪನದ ಕೆಲಸವನ್ನು ಕಲಿತು, ಕಾಡುಮೇಡುಗಳನ್ನು ಅಳೆಯುತ್ತ ದೇಹವನ್ನೂ ಮನಸ್ಸನ್ನೂ ಗಟ್ಟಿಮಾಡಿಕೊಂಡನು. 1775ರ ಜೂನ್ ತಿಂಗಳಲ್ಲಿ ವಸಾಹತುಗಳ ಪ್ರತಿನಿಧಿಸಭೆಯು ಇವನನ್ನು ಸೇನಾಪತಿಯನ್ನಾಗಿ ಆರಿಸಿದಾಗ, ಸಂಬಳವನ್ನು ನಿರಾಕರಿಸಿ, ಖರ್ಚಿನ ಹಣವನ್ನು ಮಾತ್ರ ಸ್ವೀಕರಿಸಲೊಪ್ಪಿದನು.

ಇವನು ದಂಡನ್ನು ಸೇರುವ ಮುಂಚೆಯೇ, ಜೂನ್ 17ರಂದು, ಬಾಸ್ಟನ್ ಪಟ್ಟಣದ ಬಳಿ ಬಂಕರ್ ಹಿಲ್ ಕದನವು ನಡೆದಿತ್ತು. ಮದ್ದು ತೀರಿದ್ದರಿಂದ ಅಮೆರಿಕನರು ಗುಡ್ಡವನ್ನು ಬಿಟ್ಟು ಹಿಂದೆಗೆಯಬೇಕಾಯಿತು. ಜನಪ್ರಿಯ ವೈದ್ಯನಾದ ಜೋಸೆಫ್ ವಾರನ್ನನು ಅಲ್ಲಿ ಮಡಿದನು. ಆದರೆ ಗೆದ್ದ ಇಂಗ್ಲಿಷರಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸಾವಿರಕ್ಕೆ ಮೇಲ್ಪಟ್ಟಿದ್ದರು. ನೇಗಿಲನ್ನೂ ಉಳಿಯನ್ನೂ ಹಿಡಿದ ಕೈಗಳು ನುರಿತ ಸಿಪಾಯಿಗಳೆದುರು ನಿಲ್ಲಬಲ್ಲವೆಂಬ ಧೈರ್ಯವು ಆ ಸೋಲಿನಿಂದಲೇ ಜನರಲ್ಲಿ ಹುಟ್ಟಿತು.

1776ನೆಯ ವರ್ಷವು ಇನ್ನೂ ಕಠಿಣವಾಗಿತ್ತು. ಆಗಸ್ಟ್ 27ರಂದು ಲಾಂಗ್ ಐಲೆಂಡಿನಲ್ಲಿ ವಾಷಿಂಗ್ಟನ್ನನ ಸೈನ್ಯವು ಪೂರ್ಣವಾಗಿ ಸೋತಿತು. ಎರಡು ದಿನಗಳ ಬಳಿಕ, ರಾತ್ರಿಯಿಂದ ಬೆಳಗಿನ ಮಂಜು ಕವಿದಿರುವವರೆಗೂ, ಸುಮಾರು 9,000 ಜನರನ್ನು ಶತ್ರುವಿಗೆ ತಿಳಿಯದಂತೆ ದೋಣಿಗಳಲ್ಲಿ ನದಿ ದಾಟಿಸಿದನು. ನವೆಂಬರಿನಲ್ಲಿ ಒಂದು ಕೋಟೆಯು ಬಿದ್ದು 2,800ಕ್ಕೂ ಹೆಚ್ಚು ಜನರು ಸೆರೆಸಿಕ್ಕಿದರು. ಉಳಿದವರಲ್ಲಿ ಬಹುಮಂದಿಯ ಒಪ್ಪಂದದ ಅವಧಿಯು ವರ್ಷಾಂತ್ಯಕ್ಕೆ ಮುಗಿಯುವುದರಲ್ಲಿತ್ತು. ಆಗ ಡಿಸೆಂಬರ್ 25ರ ರಾತ್ರಿ 2,400 ಮಂದಿಯೊಡನೆ ಹಿಮಗಡ್ಡೆಗಳು ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿ, ಮರುದಿನ ಟ್ರೆಂಟನ್ನಿನಲ್ಲಿ ಸುಮಾರು 900 ಜರ್ಮನ್ ಬಾಡಿಗೆ ಸಿಪಾಯಿಗಳನ್ನು ಸೆರೆಹಿಡಿದನು. ಮನೆಗೆ ಹೊರಡಬೇಕಾಗಿದ್ದವರಲ್ಲಿ ಅನೇಕರು ದಂಡಿನಲ್ಲಿಯೇ ಉಳಿದರು.

1777ರಲ್ಲಿ ಬ್ರಾಂಡಿವೈನ್ ಮತ್ತು ಜರ್ಮನ್‌ಟೌನ್ ಕದನಗಳಲ್ಲಿಯೂ ಅಪಜಯವೇ ಆಯಿತು. ಆ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಬೀಡಿನಲ್ಲಿ ಅನ್ನವಸ್ತ್ರಗಳ ಕೊರತೆಯುಂಟಾಗಿ, ಮುಖ್ಯವಾಗಿ ರೋಗಗಳಿಂದ, ಸುಮಾರು 2,000 ಜನರು ಸತ್ತರು. ಬದುಕಿದವರಿಗೆ ಪ್ರಷ್ಯದ ಸ್ಟೊಯ್ಬೆನ್ ಎಂಬ ಅಧಿಕಾರಿಯು ಕವಾಯತನ್ನು ಕಲಿಸಿದನು. ಸೋತ ಸೈನ್ಯವು ಶಿಕ್ಷಿತ ಸೈನ್ಯವಾಯಿತು. 1778ರ ಜೂನ್ 28ರಂದು ಮಾನ್‌ಮತ್ ಬಯಲಿನಲ್ಲಿ ಅದು ಇಂಗ್ಲಿಷರೆದುರು ಕದಲದೆ ನಿಂತಿತು. ಅಷ್ಟರಲ್ಲಿ ಫ್ರಾನ್ಸ್ ದೇಶದ ಮೈತ್ರಿಯೂ ದೊರೆತಿತ್ತು.

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶರಣಾಯಿತು. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನನ್ನು ಸಂಧಿಗೆ ಒಪ್ಪಿಸಿದ ಕಾರ್ನ್‌ವಾಲಿಸನೇ ಇವನು.

1783ರಲ್ಲಿ ಸಂಧಿಯಾದ ಬಳಿಕ ವಾಷಿಂಗ್ಟನ್ನನು ಅಧಿಕಾರವನ್ನು ಪ್ರತಿನಿಧಿಸಭೆಗೆ ಹಿಂದಕ್ಕೊಪ್ಪಿಸಿ ಊರಿಗೆ ಮರಳಿದನು. 1789ರಿಂದ 1797ರವರೆಗೆ ರಾಷ್ಟ್ರದ ಪ್ರಥಮಾಧ್ಯಕ್ಷನಾಗಿದ್ದು, 1799ರ ಡಿಸೆಂಬರ್ 14ರಂದು ತೀರಿಕೊಂಡನು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಇವನ ತೋಟದಲ್ಲಿ ಜೀವಮಾನವೆಲ್ಲ ಗುಲಾಮರು ದುಡಿದರೆಂಬುದನ್ನು ಮರೆಮಾಚಲಾಗದು. ತನ್ನ ಸ್ವಂತ ಗುಲಾಮರಿಗೆ ಪತ್ನಿಯ ಮರಣಾನಂತರ ಬಿಡುಗಡೆಯಾಗಬೇಕೆಂದು ಉಯಿಲಿನಲ್ಲಿ ಬರೆದಿಟ್ಟನು.

ಪ್ರಿಯ ವಿದ್ಯಾರ್ಥಿನಿಯರೇ, ಈ ಸೇನಾಪತಿಯು ಗೆದ್ದ ಕದನಗಳು ಕೆಲವೇ. ಸೋಲು ತಾನಾಗಿಯೇ ಯಾರಿಗೂ ಬಲವನ್ನು ಕೊಡುವುದಿಲ್ಲ. ಸೋತ ಮೇಲೆ ಚದರಿಹೋಗದೆ ಒಟ್ಟಾಗಿ ನಿಂತು, ತಮ್ಮ ಕೊರತೆಯನ್ನು ಅರಿತು, ಅದನ್ನು ತಿದ್ದಿಕೊಳ್ಳುವವರಿಗೆ ಮಾತ್ರ ಅದು ಗುರುವಾಗುತ್ತದೆ.