ಗಾಳಿಯ ತೇವ ಅಳೆದ ಎಂಜಿನಿಯರ್: ವಿಲ್ಲಿಸ್ ಕ್ಯಾರಿಯರ್

ಮಕ್ಕಳೇ, ಬೇಸಿಗೆಯ ಮಧ್ಯಾಹ್ನ ನಗರದ ದೊಡ್ಡ ಅಂಗಡಿಯೊಂದರ ಒಳಗೆ ಕಾಲಿಟ್ಟಾಗ ಮೈಗೆ ತಣ್ಣನೆಯ ಗಾಳಿ ತಾಗಿದ ಅನುಭವ ನಿಮಗೆ ಆಗಿರಬಹುದು. ಆ ತಂಪು ಎಲ್ಲಿಂದ ಬರುತ್ತದೆ? ಕೆಲವು ಕಟ್ಟಡಗಳ ತಾರಸಿಯ ಮೇಲೆ ಬೀರುವಿಗಿಂತ ದೊಡ್ಡದಾದ ಲೋಹದ ಪೆಟ್ಟಿಗೆಯೊಂದು ಕುಳಿತಿರುತ್ತದೆ. ಗಾಳಿಯನ್ನು ತಂಪು ಮಾಡಲು ಬೇಕಾದ ಎಲ್ಲ ಭಾಗಗಳೂ ಆ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ತಂಪಾದ ಗಾಳಿ ತಗಡಿನ ಕೊಳವೆಗಳ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ.

ಈಗ ಒಂದು ಪ್ರಶ್ನೆ. ಒಂದು ಕಟ್ಟಡಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು? ದೊಡ್ಡದಿದ್ದಷ್ಟೂ ಒಳ್ಳೆಯದೇ? ಹಾಗೆಂದು ತಿಳಿದರೆ ತಪ್ಪಾಗುತ್ತದೆ. ಊಹಿಸಿ ಕೊಳ್ಳಬಾರದು, ಅಳೆದು ಆರಿಸಬೇಕು ಎಂಬುದನ್ನು ನೂರು ವರ್ಷಗಳಿಗೂ ಹಿಂದೆಯೇ ತೋರಿಸಿಕೊಟ್ಟವರು ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್. ಅವರ ಬದುಕಿನ ಕಥೆಯನ್ನು ತಿಳಿಯೋಣ.

ಸೇಬು ಹಣ್ಣಿನ ಲೆಕ್ಕ

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಈರಿ ಸರೋವರದ ಸಮೀಪದ ಆಂಗೋಲಾ ಎಂಬ ಊರಿನಲ್ಲಿ. ಅವರದು ಕೃಷಿಕರ ಮನೆ. ತಂದೆತಾಯಿಗೆ ಅವರೊಬ್ಬರೇ ಮಗ.

ಬಾಲಕ ವಿಲ್ಲಿಸ್‌ಗೆ ಶಾಲೆಯಲ್ಲಿ ಭಿನ್ನರಾಶಿ ಎಂದರೆ ತಲೆನೋವು. ಅರ್ಧ, ಕಾಲು, ಎಂಟನೇ ಒಂದು ಇವೆಲ್ಲ ಅವನಿಗೆ ಬರೀ ಅಂಕಿಗಳಾಗಿ ಕಾಣುತ್ತಿದ್ದವು. ಅವನ ಕಷ್ಟವನ್ನು ಕಂಡ ತಾಯಿ ಎಲಿಜಬೆತ್ ಒಂದು ಉಪಾಯ ಮಾಡಿದರು. ನೆಲಮಾಳಿಗೆಯಿಂದ ಸೇಬು ಹಣ್ಣುಗಳನ್ನು ತರಿಸಿದರು. ಅವನಿಂದಲೇ ಅವನ್ನು ಎರಡು, ನಾಲ್ಕು, ಎಂಟು ಹೋಳುಗಳಾಗಿ ಕತ್ತರಿಸಿಸಿದರು. ಹೋಳುಗಳನ್ನು ಸೇರಿಸಿ ಕೂಡಿಸುವುದು, ತೆಗೆದು ಕಳೆಯುವುದು ಕಲಿಸಿದರು. ಲೆಕ್ಕ ಕಣ್ಣಿಗೆ ಕಂಡಿತು, ಕೈಗೆ ಸಿಕ್ಕಿತು. ಯಾವುದೇ ಸಮಸ್ಯೆಯನ್ನು ಹೋಳು ಮಾಡಿ ನೋಡಿದರೆ ಬಿಡಿಸಬಹುದು ಎಂಬ ಪಾಠ ಅವನ ಮನಸ್ಸಿನಲ್ಲಿ ಉಳಿಯಿತು.

ಆದರೆ ವಿಲ್ಲಿಸ್‌ಗೆ 11 ವರ್ಷವಾಗಿದ್ದಾಗಲೇ ಆ ತಾಯಿ ತೀರಿಕೊಂಡರು. ಮನೆಯಲ್ಲಿ ಹಣದ ಅನುಕೂಲವೂ ಇರಲಿಲ್ಲ. ಆದರೂ ಹುಡುಗ ಓದು ಬಿಡಲಿಲ್ಲ. ವಿದ್ಯಾರ್ಥಿವೇತನ ಗಳಿಸಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದನು. ಹುಲ್ಲು ಕತ್ತರಿಸುವುದು, ಮನೆಗಳ ಒಲೆಗೆ ಇದ್ದಿಲು ಹಾಕುವುದು ಮುಂತಾದ ಕೆಲಸಗಳನ್ನು ಮಾಡಿ ಖರ್ಚಿಗೆ ಹಣ ಸಂಪಾದಿಸಿದನು. 1901ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದನು.

ಊಹೆ ಬೇಡ, ಅಳತೆ ಬೇಕು

ಅದೇ ವರ್ಷ ಕ್ಯಾರಿಯರ್ ಬಫಲೋ ಫೋರ್ಜ್ ಎಂಬ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಸಂಬಳ ವಾರಕ್ಕೆ 10 ಡಾಲರ್. ಆ ಕಂಪನಿ ದೊಡ್ಡ ಫ್ಯಾನುಗಳನ್ನು ಮತ್ತು ಗಾಳಿಯನ್ನು ಬಿಸಿ ಮಾಡುವ ಯಂತ್ರಗಳನ್ನು ತಯಾರಿಸುತ್ತಿತ್ತು. ಮರದ ಹಲಗೆ, ಕಾಫಿ ಬೀಜ ಮುಂತಾದವನ್ನು ಒಣಗಿಸಲು ಅವು ಬಳಕೆಯಾಗುತ್ತಿದ್ದವು.

ಇಲ್ಲಿ ಯುವ ಎಂಜಿನಿಯರ್ ಒಂದು ಸಂಗತಿಯನ್ನು ಗಮನಿಸಿದರು. ಒಂದು ಕಟ್ಟಡಕ್ಕೆ ಎಷ್ಟು ದೊಡ್ಡ ಯಂತ್ರ ಬೇಕು ಎಂದು ಹೇಳಲು ನಿಖರವಾದ ಕೋಷ್ಟಕಗಳೇ ಇರಲಿಲ್ಲ. ಬಹುಮಟ್ಟಿಗೆ ಅಂದಾಜಿನ ಮೇಲೆ ಕೆಲಸ ನಡೆಯುತ್ತಿತ್ತು. ಕಡಿಮೆ ಬೀಳದಿರಲಿ ಎಂದು ದೊಡ್ಡ ಯಂತ್ರ ಹಾಕುವುದು, ಅದಕ್ಕೆ ಹೆಚ್ಚು ಹಣ ಸುರಿಯುವುದು ವಾಡಿಕೆಯಾಗಿತ್ತು. ಕ್ಯಾರಿಯರ್ ಬಿಸಿ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಎಷ್ಟು ಗಾಳಿಗೆ ಎಷ್ಟು ಶಾಖ ಸೇರುತ್ತದೆ ಎಂದು ಅಳೆದು ಕೋಷ್ಟಕಗಳನ್ನು ಸಿದ್ಧಪಡಿಸಿದರು. ಆ ಕೋಷ್ಟಕಗಳನ್ನು ನೋಡಿ ಸರಿಯಾದ ಗಾತ್ರದ ಯಂತ್ರವನ್ನು ಆರಿಸಲು ಸಾಧ್ಯವಾಯಿತು.

ಹಿಗ್ಗುವ ಕಾಗದ

1902ರಲ್ಲಿ ಕ್ಯಾರಿಯರ್ ಅವರ ಮುಂದೆ ಹೊಸ ಸಮಸ್ಯೆಯೊಂದು ಬಂತು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯವಿತ್ತು. ಅಲ್ಲಿ ಬಣ್ಣದ ಚಿತ್ರಗಳಿರುವ ಪತ್ರಿಕೆಗಳು ಅಚ್ಚಾಗುತ್ತಿದ್ದವು. ಆಗ ಒಂದೊಂದೇ ಬಣ್ಣವನ್ನು ಬೇರೆ ಬೇರೆಯಾಗಿ ಮುದ್ರಿಸಬೇಕಿತ್ತು. ಅಂದರೆ ಒಂದೇ ಕಾಗದ ಹಲವು ಬಾರಿ ಯಂತ್ರದೊಳಗೆ ಹೋಗಬೇಕು.

ಬೇಸಿಗೆಯಲ್ಲಿ ಬ್ರೂಕ್ಲಿನ್‌ನ ಗಾಳಿಯಲ್ಲಿ ತೇವಾಂಶ ಹೆಚ್ಚು. ಕಾಗದ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೊದಲ ಬಣ್ಣ ಅಚ್ಚಾದ ಮೇಲೆ ಕಾಗದ ಕೂದಲೆಳೆಯಷ್ಟು ಹಿಗ್ಗಿದರೂ ಸಾಕು, ಎರಡನೆಯ ಬಣ್ಣ ಪಕ್ಕಕ್ಕೆ ಸರಿದು ಬೀಳುತ್ತಿತ್ತು. ಚಿತ್ರ ಕೆಡುತ್ತಿತ್ತು. ಕಾಗದ, ಶಾಯಿ, ಸಮಯ ಎಲ್ಲವೂ ನಷ್ಟ.

ಗಮನಿಸಿ, ಮುದ್ರಣಾಲಯದವರು ಕೇಳಿದ್ದು ಕೆಲಸಗಾರರಿಗೆ ತಂಪನ್ನಲ್ಲ. ಅವರಿಗೆ ಬೇಕಾಗಿದ್ದುದು ವರ್ಷವಿಡೀ ಒಂದೇ ಪ್ರಮಾಣದ ತೇವಾಂಶ. ಮೊದಲು ಕ್ಯಾರಿಯರ್ ತೇವ ಹೀರುವ ಲವಣದ ದ್ರಾವಣದಲ್ಲಿ ಅದ್ದಿದ ಗೋಣಿಬಟ್ಟೆಯ ನಡುವೆ ಗಾಳಿಯನ್ನು ಹಾಯಿಸಿ ನೋಡಿದರು. ತೇವವೇನೋ ಕಡಿಮೆಯಾಯಿತು, ಆದರೆ ಗಾಳಿಯಲ್ಲಿ ಲವಣ ಸೇರಿಕೊಂಡಿತು. ಆ ದಾರಿ ಬಿಟ್ಟು ಅವರು ತಂಪಿನ ದಾರಿ ಹಿಡಿದರು. ತಣ್ಣೀರು ತುಂಬಿದ ಚೊಂಬಿನ ಹೊರಮೈ ಮೇಲೆ ಹನಿಗಳು ಮೂಡುವುದನ್ನು ನೀವು ನೋಡಿದ್ದೀರಿ. ಆ ನೀರು ಚೊಂಬಿನ ಒಳಗಿನಿಂದ ಬಂದದ್ದಲ್ಲ, ಸುತ್ತಲಿನ ಗಾಳಿಯಲ್ಲಿದ್ದ ಆವಿ ತಂಪಾಗಿ ಹನಿಯಾದದ್ದು. ಹಾಗೆಯೇ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಅದರ ತೇವ ಹನಿಯಾಗಿ ಇಳಿಯುತ್ತದೆ.

1902ರ ಜುಲೈ 17ರಂದು ಅವರ ನಕ್ಷೆ ಸಿದ್ಧವಾಯಿತು. ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಶೇಕಡಾ 55ರಲ್ಲಿ ಇರಿಸುವುದು ಅದರ ಗುರಿ. ಆ ವ್ಯವಸ್ಥೆಯ ತಂಪು ಮಾಡುವ ಶಕ್ತಿ ದಿನಕ್ಕೆ ಸುಮಾರು 49,000 ಕಿಲೋಗ್ರಾಂ ಮಂಜುಗಡ್ಡೆ ಕರಗುವುದಕ್ಕೆ ಸಮವಾಗಿತ್ತು. ಇದನ್ನೇ ಆಧುನಿಕ ಹವಾನಿಯಂತ್ರಣದ ಆರಂಭವೆಂದು ಹೇಳುತ್ತಾರೆ. ಆಗ ಕ್ಯಾರಿಯರ್ ಅವರ ವಯಸ್ಸು ಬರೀ 25.

ರೈಲು ನಿಲ್ದಾಣದ ಮಂಜು

ಇನ್ನೂ ಒಳ್ಳೆಯ ವಿಧಾನ ಇರಬೇಕು ಎಂದು ಕ್ಯಾರಿಯರ್ ಯೋಚಿಸುತ್ತಲೇ ಇದ್ದರು. 1902ರ ಕೊನೆಯಲ್ಲಿ ಒಂದು ಸಂಜೆ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತಿದ್ದರು. ಸುತ್ತಲೂ ದಟ್ಟ ಮಂಜು ಕವಿದಿತ್ತು. ಬೇರೆಯವರಾಗಿದ್ದರೆ ರೈಲು ತಡವಾಗಬಹುದೆಂದು ಬೇಸರಪಡುತ್ತಿದ್ದರು. ಕ್ಯಾರಿಯರ್ ಆ ಮಂಜನ್ನೇ ನೋಡುತ್ತ ಲೆಕ್ಕ ಹಾಕತೊಡಗಿದರು.

ಮಂಜು ಎಂದರೇನು? ಇನ್ನು ಆವಿಯನ್ನು ಹಿಡಿಯಲಾರದಷ್ಟು ತೇವ ತುಂಬಿಕೊಂಡ ಗಾಳಿ. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲದು, ತಣ್ಣನೆಯ ಗಾಳಿ ಕಡಿಮೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿ ಹಿಡಿದರೆ, 10 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 9 ಗ್ರಾಂ ಮಾತ್ರ. ಹಾಗಿದ್ದರೆ ಗಾಳಿಯೊಳಗೆ ತಣ್ಣೀರನ್ನು ಸಿಂಪಡಿಸಿ ಯಂತ್ರದಲ್ಲೇ ಮಂಜು ಮಾಡಿದರೆ? ನೀರಿನ ತಾಪವನ್ನು ಬೇಕಾದಷ್ಟಕ್ಕೆ ಇರಿಸಿದರೆ ಗಾಳಿಯಲ್ಲಿ ಎಷ್ಟು ಆವಿ ಉಳಿಯಬೇಕೆಂಬುದನ್ನೂ ನಾವೇ ನಿರ್ಧರಿಸಬಹುದು!

ನೀರು ಸಿಂಪಡಿಸಿ ಗಾಳಿಯನ್ನು ಒಣಗಿಸುವುದು! ಕೇಳಿದವರಿಗೆ ವಿಚಿತ್ರವೆನಿಸುವ ಮಾತು. ಆದರೆ ಲೆಕ್ಕ ಸರಿಯಾಗಿತ್ತು. ಈ ಯಂತ್ರಕ್ಕೆ 1906ರ ಜನವರಿ 2ರಂದು ಪೇಟೆಂಟ್ ದೊರೆಯಿತು. 1911ರಲ್ಲಿ ಅವರು ಗಾಳಿಯ ತಾಪ ಮತ್ತು ತೇವಾಂಶಗಳ ಸಂಬಂಧವನ್ನು ತಿಳಿಸುವ ಸೂತ್ರಗಳನ್ನು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ಆ ಸೂತ್ರಗಳ ಆಧಾರದ ನಕ್ಷೆಯನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ.

ಸಿನಿಮಾ ಮಂದಿರದಿಂದ ತಾರಸಿಗೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬಫಲೋ ಫೋರ್ಜ್ ಕಂಪನಿ ಹವಾನಿಯಂತ್ರಣದ ವಿಭಾಗವನ್ನು ಕೈಬಿಡಲು ತೀರ್ಮಾನಿಸಿತು. ಕ್ಯಾರಿಯರ್ ಎದೆಗುಂದಲಿಲ್ಲ. ಇನ್ನೂ ಆರು ಮಂದಿ ಎಂಜಿನಿಯರುಗಳ ಜೊತೆ ಸೇರಿ, ತಮ್ಮ ಉಳಿತಾಯವನ್ನೆಲ್ಲ ಒಟ್ಟುಗೂಡಿಸಿ 1915ರಲ್ಲಿ ಸ್ವಂತ ಕಂಪನಿ ತೆರೆದರು. ಅವರು ಹೊಂದಿಸಿದ ಬಂಡವಾಳ 32,600 ಡಾಲರ್.

ಆಗಿನ ತಂಪು ಯಂತ್ರಗಳು ಬಹಳ ದೊಡ್ಡವು. ಅವುಗಳಲ್ಲಿ ಅಮೋನಿಯ ಬಳಕೆಯಾಗುತ್ತಿತ್ತು. ಸೋರಿದರೆ ಅದು ಉಸಿರುಕಟ್ಟಿಸುವ ವಿಷಾನಿಲ. ಜನ ಸೇರುವ ಜಾಗದಲ್ಲಿ ಅದನ್ನು ಇಡುವುದು ಅಪಾಯ. 1922ರಲ್ಲಿ ಕ್ಯಾರಿಯರ್ ಅಮೋನಿಯ ಬೇಡದ, ಕಡಿಮೆ ಜಾಗ ಸಾಕಾಗುವ ಹೊಸ ಯಂತ್ರವನ್ನು ತೋರಿಸಿದರು. 1924ರಲ್ಲಿ ಡೆಟ್ರಾಯಿಟ್ ನಗರದ ಹಡ್ಸನ್ ಅಂಗಡಿಗೆ ಅಂತಹ ಮೂರು ಯಂತ್ರಗಳು ಬಂದವು.

1925ರ ಮೇ ಕೊನೆಯಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ದೊಡ್ಡ ಪರೀಕ್ಷೆಯೇ ನಡೆಯಿತು. ಸೆಕೆಯಿಂದಾಗಿ ಜನ ಬೀಸಣಿಗೆ ಹಿಡಿದೇ ಒಳಗೆ ಬಂದಿದ್ದರು. ತುಂಬಿದ ಮಂದಿರ ತಂಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕ್ಯಾರಿಯರ್ ಹಿಂದೆ ನಿಂತು ನೋಡುತ್ತಿದ್ದರು. ಒಂದೊಂದಾಗಿ ಬೀಸಣಿಗೆಗಳು ಮಡಿಲಿಗೆ ಇಳಿದವು. ಕೊನೆಗೆ ಯಾರ ಕೈಯೂ ಆಡಲಿಲ್ಲ. ಕ್ಯಾರಿಯರ್ ಗೆದ್ದಿದ್ದರು!

1928ರಲ್ಲಿ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ 21 ಮಹಡಿಗಳ ಮೈಲಮ್ ಕಚೇರಿ ಕಟ್ಟಡಕ್ಕೂ ಹವಾನಿಯಂತ್ರಣ ಬಂತು. ಕ್ಯಾರಿಯರ್ 1950ರ ಅಕ್ಟೋಬರ್ 7ರಂದು ತೀರಿಕೊಂಡರು. ಅವರ ನಂತರದ ವರ್ಷಗಳಲ್ಲಿ ಎಲ್ಲ ಭಾಗಗಳನ್ನೂ ಕಾರ್ಖಾನೆಯಲ್ಲೇ ಜೋಡಿಸಿದ ಪೆಟ್ಟಿಗೆಗಳು ಅಂಗಡಿ, ಕಚೇರಿಗಳ ತಾರಸಿಯನ್ನು ಏರಿದವು. ತಾರಸಿಯ ಮೇಲಿಟ್ಟರೆ ಕೆಳಗೆ ಜಾಗ ಉಳಿಯುತ್ತದೆ, ಸದ್ದು ದೂರವಾಗುತ್ತದೆ, ಶಾಖವನ್ನು ಹೊರಗಿನ ಗಾಳಿಗೆ ಬಿಡುವುದೂ ಸುಲಭ.

ತಾರಸಿಯ ಯಂತ್ರವನ್ನು ಆರಿಸುವುದು ಹೇಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎಂಜಿನಿಯರುಗಳು ಯಂತ್ರದ ಶಕ್ತಿಯನ್ನು ಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ಇದು ಯಂತ್ರದ ತೂಕವಲ್ಲ. 907 ಕಿಲೋಗ್ರಾಂ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸುವಷ್ಟು ಶಾಖವನ್ನು ಹೊರಹಾಕುವ ಶಕ್ತಿಯೇ ಒಂದು ಟನ್. ಇದು ಸುಮಾರು 3.5 ಕಿಲೋವ್ಯಾಟ್‌ಗೆ ಸಮ.

ನಾವೇ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ವಿಲ್ಲಿಸ್‌ನ ಸೇಬಿನಂತೆ ಅದರ ಶಾಖವನ್ನು ಹೋಳು ಮಾಡೋಣ.

ತಾರಸಿ, ಗೋಡೆ, ಕಿಟಕಿಗಳ ಮೂಲಕ ಬಿಸಿಲಿನಿಂದ: 14 ಕಿಲೋವ್ಯಾಟ್
60 ಜನರಿಂದ (ಒಬ್ಬರ ಮೈಯಿಂದ ಸುಮಾರು 100 ವ್ಯಾಟ್): 6 ಕಿಲೋವ್ಯಾಟ್
ದೀಪ ಮತ್ತು ಯಂತ್ರಗಳಿಂದ: 5 ಕಿಲೋವ್ಯಾಟ್
ಉಸಿರಾಟಕ್ಕೆಂದು ತರುವ ಹೊರಗಿನ ಗಾಳಿಯ ಶಾಖ ಮತ್ತು ತೇವದಿಂದ: 10 ಕಿಲೋವ್ಯಾಟ್

ಒಟ್ಟು 35 ಕಿಲೋವ್ಯಾಟ್. ಇದನ್ನು 3.5ರಿಂದ ಭಾಗಿಸಿದರೆ 10. ಆದ್ದರಿಂದ ಈ ಅಂಗಡಿಗೆ 10 ಟನ್ ಯಂತ್ರ ಬೇಕು.

5 ಟನ್ ಯಂತ್ರ ಇಟ್ಟರೆ ಕಡು ಬೇಸಿಗೆಯಲ್ಲಿ ಅದು ದಿನವಿಡೀ ಓಡಿದರೂ ತಂಪಾಗದು. ಇರಲಿ ಎಂದು 20 ಟನ್ ಇಟ್ಟರೆ? ಗಾಳಿ ಬೇಗ ತಂಪಾಗಿ ಯಂತ್ರ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ತಣ್ಣನೆಯ ಕೊಳವೆಗಳ ಮೇಲೆ ತೇವ ಹನಿಯಾಗಿ ಇಳಿಯಲು ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದರೂ ಮುಗ್ಗುಲು ವಾಸನೆ, ಜಿಗುಟು. ಹಣವೂ ವಿದ್ಯುತ್ತೂ ವ್ಯರ್ಥ. ಊರಿನ ಹವೆಯೂ ಮುಖ್ಯ. ತೇವ ಹೆಚ್ಚಿರುವ ಮಂಗಳೂರಿಗೂ ಬೇಸಿಗೆಯಲ್ಲಿ ಒಣಹವೆಯಿರುವ ಕಲಬುರಗಿಗೂ ಒಂದೇ ಲೆಕ್ಕ ಹೊಂದದು.

ಇನ್ನೂ ಕೆಲವನ್ನು ನೋಡಬೇಕು. ತಾರಸಿ ಯಂತ್ರದ ಭಾರ ತಾಳುತ್ತದೆಯೇ? ಇಳಿಯುವ ನೀರು ಹೋಗಲು ಕೊಳವೆ ಇದೆಯೇ? ಧೂಳು ಸೋಸುವ ಜಾಲರಿಯನ್ನು ತೆಗೆದು ತೊಳೆಯಲು ಜಾಗವಿದೆಯೇ? ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ತಂಪು ಕೊಡುತ್ತದೆ?

ತಂಪಿಗೂ ಬೆಲೆಯಿದೆ

ಹವಾನಿಯಂತ್ರಣದಿಂದ ಆಸ್ಪತ್ರೆ, ಔಷಧ ಕಾರ್ಖಾನೆ, ಕಂಪ್ಯೂಟರ್ ಕೇಂದ್ರಗಳಿಗೆ ತುಂಬ ಉಪಕಾರವಾಗಿದೆ. ಆದರೆ ಈ ಯಂತ್ರಗಳಿಗೆ ಬಹಳ ವಿದ್ಯುತ್ ಬೇಕು. ಹಿಂದೆ ಬಳಸುತ್ತಿದ್ದ ಕೆಲವು ಅನಿಲಗಳು ಓಝೋನ್ ಪದರಕ್ಕೆ ಹಾನಿ ಮಾಡಿದವು. ಅವನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅವುಗಳ ಬದಲಿಗೆ ಬಂದ ಹಲವು ಅನಿಲಗಳು ಭೂಮಿಯ ಬಿಸಿಯನ್ನು ಹೆಚ್ಚಿಸುವುದರಿಂದ, ಅವನ್ನೂ ಕಡಿಮೆ ಮಾಡಲು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು.

ಹಾಗಾದರೆ ಯಂತ್ರ ಕೊಳ್ಳುವ ಮೊದಲೇ ಶಾಖ ಕಡಿಮೆ ಮಾಡಬಹುದಲ್ಲವೇ? ನಮ್ಮ ಅಂಗಡಿಯ ತಾರಸಿಗೆ ಬಿಳಿ ಬಣ್ಣ ಬಳಿದು, ಕಿಟಕಿಗೆ ನೆರಳು ಮಾಡಿ ಬಿಸಿಲಿನ ಪಾಲನ್ನು 14ರಿಂದ 10.5 ಕಿಲೋವ್ಯಾಟ್‌ಗೆ ಇಳಿಸಿದೆವು ಎನ್ನೋಣ. ಆಗ ಒಟ್ಟು 31.5. ಈಗ ಎಷ್ಟು ಟನ್ ಸಾಕು? ನೀವೇ ಭಾಗಿಸಿ ನೋಡಿ. ಮೊದಲು ಅಳತೆ, ಆಮೇಲೆ ಆಯ್ಕೆ. ಕ್ಯಾರಿಯರ್ ಬದುಕು ಕಲಿಸುವುದು ಇದನ್ನೇ.

ಮಾಡಿ ನೋಡಿ

ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧ ನೀರು ತುಂಬಿ. ಅದರಲ್ಲಿ ತಾಪಮಾಪಕ ಇಡಿ. ಮಂಜುಗಡ್ಡೆಯ ಸಣ್ಣ ಚೂರುಗಳನ್ನು ಒಂದೊಂದಾಗಿ ಹಾಕಿ ಚಮಚದಿಂದ ಮೆಲ್ಲಗೆ ಕಲಕಿ. ಲೋಟದ ಹೊರಮೈ ಮಂಕಾದ ಕೂಡಲೇ ತಾಪವನ್ನು ಬರೆದುಕೊಳ್ಳಿ. ಅದೇ ಆ ದಿನದ ಇಬ್ಬನಿ ಬಿಂದು. ಮಳೆಗಾಲದ ಒಂದು ದಿನ, ಬೇಸಿಗೆಯ ಒಂದು ದಿನ ಈ ಪ್ರಯೋಗ ಮಾಡಿ. ಎರಡು ಅಂಕಿಗಳು ಏಕೆ ಬೇರೆಯಾದವು ಎಂದು ತರಗತಿಯಲ್ಲಿ ಚರ್ಚಿಸಿ.